ಪಕ್ಕದ ಬಿಲ್ಡಿಂಗಿನ ಕೊನೆಯ ಬಿಲ್ಲು

ನಮ್ಮದು ಮುಂಬೈಯ ಮುಲುಂಡ್ ಪೂರ್ವದಲ್ಲಿರುವ ಒಂದು ಹಳೆಯ ಹೌಸಿಂಗ್ ಸೊಸೈಟಿ. ಮೂವತ್ತು ವರ್ಷ ದಾಟಿದ ಆರ್‌ಸಿಸಿ ಕಟ್ಟಡ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನದು, ನೆಲದ ಮೇಲೆ ಐದು ಮಹಡಿ. ಅಕೌಂಟ್ಸ್ ಕೆಲಸ ಗೊತ್ತಿದೆ ಅನ್ನುವ ಕಾರಣಕ್ಕೆ ನನ್ನನ್ನು ಸೆಕ್ರೆಟರಿ ಮಾಡಿದ್ದರು. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ನಿಯಮದ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ, ಆಗಬೇಕು. 30 ದಾಟಿದರೆ 3 ವರ್ಷಕ್ಕೊಮ್ಮೆ. ನಮ್ಮ ಆಡಿಟ್ ವರದಿ ಬಂದಾಗ ಕಟ್ಟಡ ಬೀಳುವ ಹಾಗೇನೂ ಇರಲಿಲ್ಲ. ಆದರೆ ದೊಡ್ಡ ರಿಪೇರಿ ಮುಂದೂಡುವ ಹಾಗೂ ಇರಲಿಲ್ಲ. ಕಂಬ, ತೊಲೆಗಳ ಕಾಂಕ್ರೀಟ್ ಸರಿಪಡಿಸಬೇಕು. ಹೊರಗಿನ ಪ್ಲಾಸ್ಟರ್ ತೆಗೆದು ಹೊಸದಾಗಿ ಬಳಿಯಬೇಕು. ಟೆರೇಸಿಗೆ ವಾಟರ್‌ಪ್ರೂಫಿಂಗ್, ಒಳಚರಂಡಿ ಪೈಪು, ಕೊನೆಗೆ ಬಣ್ಣ.

ವರದಿಯ ಜೊತೆಗೆ ಕನ್ಸಲ್ಟಂಟ್ ಒಂದು ಅಂದಾಜು ಪಟ್ಟಿ ಕೊಟ್ಟರು. ಎಷ್ಟು ಚದರ ಮೀಟರ್ ಪ್ಲಾಸ್ಟರ್, ಎಷ್ಟು ಜಾಗದಲ್ಲಿ ಕಾಂಕ್ರೀಟ್ ಕೆಲಸ, ಒಂದೊಂದಕ್ಕೂ ದರ, ಕೊನೆಗೆ ಮೊತ್ತ. ಆ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವ ಬೇರೆ ಸೊಸೈಟಿಗಳು ತಮ್ಮ ಲೆಕ್ಕವನ್ನು ನಮ್ಮನ್ನು ನಂಬಿ ಕೊಟ್ಟಿವೆ, ಅದನ್ನು ಬೀದಿಗೆ ತರುವುದು ಸರಿಯಲ್ಲ. ಓದಲು ಸುಲಭವಾಗಲಿ ಅಂತ ನಮ್ಮ ಅಂದಾಜು 1 ಕೋಟಿ ರೂಪಾಯಿ ಎಂದು ಇಟ್ಟುಕೊಳ್ಳೋಣ. ಮುಂದಿನ ಅಂಕಿಗಳೂ ಅದೇ ಲೆಕ್ಕದ ಉದಾಹರಣೆಗಳು.

ಕಮಿಟಿಯಲ್ಲಿ ಹೆಚ್ಚಿನವರ ಯೋಚನೆ ಸೀದಾ ಇತ್ತು. 1 ಕೋಟಿ, ಜೊತೆಗೆ 18 ಪರ್ಸೆಂಟ್ ಜಿಎಸ್‌ಟಿ, ಕನ್ಸಲ್ಟಂಟ್ ಫೀಸು, ಕೈಯಲ್ಲಿರಲಿ ಅಂತ ಇನ್ನೊಂದು ಐದು ಪರ್ಸೆಂಟ್. ಫ್ಲ್ಯಾಟುಗಳ ಅಳತೆ ನೋಡಿ ಹಂಚಿಬಿಡೋಣ, ಕೆಲಸ ಶುರು ಮಾಡೋಣ. ಆ ಐದು ಪರ್ಸೆಂಟ್ ಎಲ್ಲಿಂದ ಬಂತು ಅಂದರೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಸುಮ್ನೆ ಒಂದು ಅಂಕಿ.

ಮೂರನೇ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರು ಇದ್ದಾರೆ. ರೈಲ್ವೆಯ ಸಿವಿಲ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಕನ್ಸಲ್ಟಂಟರ ಪಟ್ಟಿಯನ್ನು ಪೂರ್ತಿ ಓದಿದರು. ತಪ್ಪು ಹುಡುಕಲಿಲ್ಲ. ಕೆಳಗಿಟ್ಟು ಕೇಳಿದ್ದು ಇಷ್ಟೇ:

“ನೋಡವಾ, ನಮ್ಮ ಬಿಲ್ಡಿಂಗ್ ಮಾತು ಆಮ್ಯಾಲ. ಇಂಥಾ ಬಿಲ್ಡಿಂಗ್ ಈ ಕಡೆ ಎಷ್ಟು ರಿಪೇರಿ ಆಗ್ಯಾವ? ಅವರಿಗೆ ಮೊದಲ ಎಷ್ಟು ಹೇಳಿದ್ರು, ಕಡೀಕ ಎಷ್ಟಾತು? ಅದನ್ನ ಯಾರರ ಕೇಳ್ಯಾರೇನು?”

ಯಾರೂ ಕೇಳಿರಲಿಲ್ಲ.

“ಮನ್ಯಾಗ ಮದುವಿ ಮಾಡುವಾಗ ಏನ ಮಾಡ್ತೀವಿ? ಬರೇ ನಮ್ಮ ಚೀಟಿ ನೋಡಂಗಿಲ್ಲ. ಹೋದ ವರ್ಷ ಮದುವಿ ಮಾಡಿದವರನ್ನ ಕೇಳ್ತೀವಿ. ಅವರ ಚೀಟಿ ಎಷ್ಟಿತ್ತು, ಖರೇ ಎಷ್ಟು ಹೋತು ಅಂತ. ಇದಕ್ಕೂ ಹಂಗ ಮಾಡೂಣು.”

ಕಾಕಾ ಹೇಳಿದ್ದು ಕೇಳಲು ಹಳ್ಳಿಯ ಬುದ್ಧಿಮಾತಿನ ಹಾಗಿದ್ದರೂ ಅದರ ಹಿಂದೆ ಐವತ್ತು ವರ್ಷಗಳ ಸಂಶೋಧನೆ ಇದೆ. ಇಸ್ರೇಲಿನ ಮನಶ್ಶಾಸ್ತ್ರಜ್ಞರಾದ ಡ್ಯಾನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದಿದ್ದರು. ಕೆಲಸ ಶುರು ಮಾಡುವವರು ತಮ್ಮ ಕೆಲಸದ ಒಳವಿವರ ಮಾತ್ರ ನೋಡುತ್ತಾರೆ, ಅದೇ ಥರದ ಹಳೆಯ ಕೆಲಸಗಳು ಹೇಗೆ ಮುಗಿದವು ಅಂತ ನೋಡುವುದಿಲ್ಲ, ಹಾಗಾಗಿ ಅಂದಾಜು ಸಾಮಾನ್ಯವಾಗಿ ಕಡಿಮೆ ಬರುತ್ತದೆ ಅಂತ. ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ತಮ್ಮದೇ ಅನುಭವ ಒಂದನ್ನು ಹೇಳುತ್ತಿದ್ದರು. 1970ರ ದಶಕದಲ್ಲಿ ಶಾಲೆಗಳಿಗಾಗಿ ಒಂದು ಪಠ್ಯಕ್ರಮ ಬರೆಯುವ ತಂಡದಲ್ಲಿ ಅವರಿದ್ದರು. ಎಷ್ಟು ದಿನ ಬೇಕು ಅಂತ ಎಲ್ಲರೂ ಚೀಟಿಯಲ್ಲಿ ಬರೆದರು. ಒಂದೂವರೆ ವರ್ಷದಿಂದ ಎರಡೂವರೆ ವರ್ಷದೊಳಗೆ ಎಲ್ಲರ ಉತ್ತರ ಇತ್ತು. ಆಮೇಲೆ ತಂಡದಲ್ಲಿದ್ದ ಪಠ್ಯಕ್ರಮದ ತಜ್ಞರನ್ನು ಕೇಳಿದರು, ಇಂಥ ಬೇರೆ ತಂಡಗಳಿಗೆ ಎಷ್ಟು ಹಿಡಿಯಿತು? ಅವರು ಸ್ವಲ್ಪ ಯೋಚಿಸಿ ಹೇಳಿದರು, ಸುಮಾರು 40 ಪರ್ಸೆಂಟ್ ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೆ 7ರಿಂದ 10 ವರ್ಷ ಬೇಕಾಯಿತು. ಆ ತಜ್ಞರು ಕೂಡ ಸ್ವಲ್ಪ ಹೊತ್ತಿನ ಹಿಂದೆ ಎರಡು ವರ್ಷದ ಆಸುಪಾಸಿನ ಅಂಕಿಯನ್ನೇ ಬರೆದಿದ್ದರು! ಕೊನೆಗೆ ಆ ಕೆಲಸಕ್ಕೆ 8 ವರ್ಷ ಹಿಡಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಜ್ಞರ ವಿಷಯ. ಮಾಹಿತಿ ಅವರ ತಲೆಯಲ್ಲೇ ಇತ್ತು. ಕೇಳುವ ತನಕ ಅವರಿಗೇ ಅದು ನೆನಪಾಗಲಿಲ್ಲ. ನಮ್ಮ ಕಮಿಟಿಯಲ್ಲೂ ಹಾಗೇ ಅಲ್ವಾ? ಪಕ್ಕದ ಗಲ್ಲಿಯ ಸೊಸೈಟಿಯಲ್ಲಿ ರಿಪೇರಿ ಹಣ ಸಾಲದೆ ಎರಡನೇ ಸಲ ವಸೂಲಿ ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ನಮ್ಮ ಲೆಕ್ಕಕ್ಕೆ ಜೋಡಿಸಿರಲಿಲ್ಲ.

ಮುಂಬೈಯವರಿಗೆ ಇದು ಹೊಸದೂ ಅಲ್ಲ. ಬಾಂದ್ರಾ-ವರ್ಲಿ ಸೀ ಲಿಂಕ್‌ಗೆ 1999ರಲ್ಲಿ ಶಂಕುಸ್ಥಾಪನೆ ಆದಾಗ ಅಂದಾಜು 660 ಕೋಟಿ. 2009ರಲ್ಲಿ ತೆರೆಯುವ ಹೊತ್ತಿಗೆ 1,600 ಕೋಟಿಯ ಸುಮಾರಿಗೆ ಹೋಗಿತ್ತು. ವರ್ಸೋವಾ-ಘಾಟ್ಕೋಪರ್ ಮೆಟ್ರೋ 2,356 ಕೋಟಿ ಅಂದದ್ದು 2014ರಲ್ಲಿ ಓಡಲು ಶುರುವಾದಾಗ 4,321 ಕೋಟಿ. ನೆಲದಡಿಯ ಮೆಟ್ರೋ 3 ಮೊದಲು 23,136 ಕೋಟಿ, ಆಮೇಲೆ 37,276 ಕೋಟಿ. ಕಾರಣ ಒಂದೊಂದಕ್ಕೂ ಬೇರೆ ಬೇರೆ. ಕೋರ್ಟು, ಮೀನುಗಾರರ ವಿರೋಧ, ಜಾಗ, ಮರ, ಮೆಟ್ರೋ ಬೋಗಿಗಳನ್ನು ನಿಲ್ಲಿಸುವ ಶೆಡ್. ಆದರೆ ಅಂಕಿ ಹೋದ ದಿಕ್ಕು ಮಾತ್ರ ಒಂದೇ.

ಹಳೆಯ ಕೆಲಸಗಳನ್ನು ನೋಡಿ ಹೊಸ ಅಂದಾಜು ತಿದ್ದುವುದನ್ನು ಲೆಕ್ಕದ ವಿಧಾನವಾಗಿ ಮಾಡಿದವರು ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್ಯಾ. ಅವರ ತಂಡ 2002ರಲ್ಲಿ 20 ದೇಶಗಳ 258 ಸಾರಿಗೆ ಯೋಜನೆಗಳನ್ನು ನೋಡಿತು. ಹತ್ತರಲ್ಲಿ ಒಂಬತ್ತು ಯೋಜನೆಗಳು ಅಂದಾಜು ಮೀರಿದ್ದವು. ರೈಲು ಯೋಜನೆಗಳು ಸರಾಸರಿ 45 ಪರ್ಸೆಂಟ್, ಸೇತುವೆ ಮತ್ತು ಸುರಂಗಗಳು 34, ರಸ್ತೆಗಳು 20. 2004ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ ಇದನ್ನೇ ನಿಯಮವಾಗಿ ತಂದಿತು. ರೈಲು ಯೋಜನೆಯ ಅಂದಾಜು ತಂದರೆ, ಹಣ ಸಾಲದೆ ಹೋಗುವ ಸಾಧ್ಯತೆ ಐದರಲ್ಲಿ ಒಂದಕ್ಕೆ ಇಳಿಯಬೇಕು ಅನ್ನುವುದಾದರೆ ಅದರ ಮೇಲೆ 57 ಪರ್ಸೆಂಟ್ ಸೇರಿಸಿಕೊಳ್ಳಿ ಅಂದಿತು. ಅರ್ಧಕ್ಕರ್ಧ ಸಾಧ್ಯತೆ ಸಾಕು ಅಂದರೆ 40 ಪರ್ಸೆಂಟ್. ಈ 57 ಮತ್ತು 40 ಯಾರದ್ದೋ ಊಹೆಯಲ್ಲ. ಹಳೆಯ ಯೋಜನೆಗಳ ಪಟ್ಟಿಯಿಂದ ಎತ್ತಿದ ಅಂಕಿಗಳು. ನಮ್ಮ ಐದು ಪರ್ಸೆಂಟಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲಿ ಕಾಣಿಸಿತು.

ಸರಿ, ನಮ್ಮ ಪಟ್ಟಿ ಬೇಕು. ಎಲ್ಲಿಂದ ತರುವುದು?

ಬಿಲ್ಡಿಂಗ್ ರಿಪೇರಿಯ ಕೊನೆಯ ಖರ್ಚು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅದು ಸೊಸೈಟಿಗಳ ಆಫೀಸಿನ ಕಪಾಟಿನಲ್ಲಿ ಇರುತ್ತದೆ. ಪರಿಚಯ ಇಲ್ಲದವರು ಬಂದು ಕೇಳಿದರೆ ಯಾರು ತೆಗೆದು ಕೊಡುತ್ತಾರೆ? ಇಲ್ಲಿ ನಮ್ಮ ಕನ್ನಡದ ನಂಟು ಕೈ ಹಿಡಿಯಿತು. ನಮ್ಮ ಖಜಾಂಚಿ ಕುಂದಾಪುರ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ. ಮುಲುಂಡ್, ಭಾಂಡುಪ್, ಠಾಣೆಯಲ್ಲಿ ಅವರಿಗೆ ಗೊತ್ತಿಲ್ಲದ ಸೊಸೈಟಿ ಚೇರ್‌ಮನ್ ಕಡಿಮೆ. ಬೆಳಗ್ಗೆ ಇಡ್ಲಿ ತಿನ್ನಲು ಬಂದವರನ್ನೇ ಕೂರಿಸಿಕೊಂಡು ಕೇಳುತ್ತಿದ್ದರು. ಕಾಕಾ ತಮ್ಮ ರೈಲ್ವೆ ಸ್ನೇಹಿತರು ಇರುವ ಡೊಂಬಿವಲಿ, ಕಲ್ಯಾಣದ ಸೊಸೈಟಿಗಳಿಗೆ ಫೋನ್ ಮಾಡಿದರು. ನಾನು ಕನ್ನಡ ಸಂಘದ ದಸರಾ ಕಾರ್ಯಕ್ರಮದಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಹೀಗೆ ಕೇಳುತ್ತಾ ಹೋದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಮರಾಠಿ, ಗುಜರಾತಿ, ತಮಿಳು ಮನೆಗಳವರೂ ಪ್ರೀತಿಯಿಂದ ಫೈಲು ತೆಗೆದು ತೋರಿಸಿದರು. ರಿಪೇರಿಯಲ್ಲಿ ಕಷ್ಟಪಟ್ಟ ಸೆಕ್ರೆಟರಿಗೆ ಅದನ್ನು ಕೇಳುವವರು ಬೇಕಾಗಿರುತ್ತಾರೆ ಅಂತ ನನಗೆ ಆಗ ಗೊತ್ತಾಯಿತು.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಬಾಯಿಮಾತಿನ ಲೆಕ್ಕ ತೆಗೆದುಕೊಳ್ಳಬೇಡಿ. “ನಿಮ್ಮ ರಿಪೇರಿಗೆ ಎಷ್ಟಾಯ್ತು?” ಅಂದರೆ ಹತ್ತರಲ್ಲಿ ಎಂಟು ಜನ ಟೆಂಡರ್ ಮೊತ್ತ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತ ಅಲ್ಲ. ಸಭೆಯಲ್ಲಿ ಗಲಾಟೆಯಾಗಿ ಪಾಸ್ ಆದ ಅಂಕಿ ಅದು, ಅದೇ ನೆನಪಿರುತ್ತದೆ. ಆಮೇಲೆ ಸಣ್ಣಸಣ್ಣದಾಗಿ ಸೇರಿದ್ದು ನೆನಪಿರುವುದಿಲ್ಲ. ಹಾಗಾಗಿ ನಾವು ಎರಡು ಕಾಗದ ಕೇಳಿದೆವು. ಕೆಲಸಕ್ಕೆ ಮೊದಲು ಕನ್ಸಲ್ಟಂಟ್ ಕೊಟ್ಟ ಅಂದಾಜು, ಮತ್ತು ಕಂಟ್ರಾಕ್ಟರಿನ ಕೊನೆಯ ಬಿಲ್ಲು. ಬಿಲ್ಲು ಸಿಗದಿದ್ದರೆ ಆಯಾ ವರ್ಷಗಳ ಆಡಿಟ್ ಆದ ಲೆಕ್ಕಪತ್ರ. ವಾರ್ಷಿಕ ಸಭೆಗೆ ಹಂಚಿದ ಪುಸ್ತಿಕೆಯಲ್ಲಿ ಅದು ಇದ್ದೇ ಇರುತ್ತದೆ. ರಿಪೇರಿ ಎರಡು ಮೂರು ಹಣಕಾಸು ವರ್ಷಗಳಿಗೆ ಹರಡಿದ್ದರೆ ಎಲ್ಲವನ್ನೂ ಕೂಡಿಸಬೇಕು. ಎಷ್ಟೋ ಕಡೆ ಮೂರನೇ ವರ್ಷದ ಪುಸ್ತಿಕೆಯಲ್ಲೇ ದೊಡ್ಡ ಬಾಕಿ ಅಡಗಿತ್ತು.

ಇನ್ನೊಂದು, ತೆರಿಗೆ. ಜಿಎಸ್‌ಟಿ ಬಂದದ್ದು 2017ರ ಜುಲೈಯಲ್ಲಿ. ಅದಕ್ಕೆ ಮೊದಲಿನ ಬಿಲ್ಲುಗಳಲ್ಲಿ ಸರ್ವಿಸ್ ಟ್ಯಾಕ್ಸ್, ವ್ಯಾಟ್ ಬೇರೆ ಬೇರೆ. ಅಂದಾಜಿನಲ್ಲಿ ಕೆಲವರು ತೆರಿಗೆ ಸೇರಿಸಿರುತ್ತಾರೆ, ಕೆಲವರು ಇಲ್ಲ. ಎರಡೂ ಕಡೆ ತೆರಿಗೆ ತೆಗೆದೇ ಹೋಲಿಸಬೇಕು. ಹಾಗೆ ಮಾಡದಿದ್ದರೆ ಏರಿದ್ದು ಕೆಲಸವೋ ತೆರಿಗೆಯೋ ಗೊತ್ತಾಗುವುದಿಲ್ಲ. ಹಳೆಯ ರೂಪಾಯಿಯನ್ನು ಇಂದಿನ ರೂಪಾಯಿಗೆ ಹೋಲಿಸುವ ತಲೆನೋವೂ ಬೇಡ. ಬೇಕಾಗಿದ್ದು ಒಂದೇ ಅಂಕಿ: ಕೊನೆಯ ಬಿಲ್ಲನ್ನು ಮೊದಲ ಅಂದಾಜಿನಿಂದ ಭಾಗಿಸಿದರೆ ಬರುವ ಪಟ್ಟು. 80 ಲಕ್ಷ ಅಂದದ್ದು 1 ಕೋಟಿ 20 ಲಕ್ಷ ಆದರೆ ಒಂದೂವರೆ ಪಟ್ಟು. ಯಾವ ವರ್ಷದ ಕೆಲಸವಾದರೂ ಇದನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಹುದು.

ಯಾವ ಬಿಲ್ಡಿಂಗ್ ನಮ್ಮಂಥದ್ದು ಅನ್ನುವ ಪ್ರಶ್ನೆಗೆ ನಾವು ಜಾಸ್ತಿ ಹೊತ್ತು ಕೊಟ್ಟೆವು. ಅಲ್ಲೇ ಇಡೀ ಲೆಕ್ಕದ ಜೀವ ಇರುವುದು. ದಾದರ್, ಗಿರಗಾಂವ್ ಕಡೆಯ ಹಳೆಯ ಚಾಳುಗಳು ಇಟ್ಟಿಗೆ ಗೋಡೆ, ಮರದ ತೊಲೆ ಮೇಲೆ ನಿಂತಿವೆ. ಅವುಗಳ ಕಥೆ ಬೇರೆ. ಇಪ್ಪತ್ತೈದು ಮಹಡಿಯ ಹೊಸ ಟವರ್ ಕೂಡ ಬೇಡ. ಬರೀ ಬಣ್ಣ ಹೊಡೆಸಿದ ಸೊಸೈಟಿಗಳನ್ನೂ ಬಿಟ್ಟೆವು. ಕೊನೆಗೆ ಉಳಿಸಿಕೊಂಡದ್ದು 25 ವರ್ಷ ದಾಟಿದ, ಆರ್‌ಸಿಸಿ ಕಂಬಗಳ, ಏಳು ಮಹಡಿಯ ಒಳಗಿನ ಕಟ್ಟಡಗಳನ್ನು. ಜನ ಒಳಗೆ ವಾಸ ಇದ್ದಾಗಲೇ ಕೆಲಸ ನಡೆದಿರಬೇಕು. ಕಾಂಕ್ರೀಟ್ ಕೆಲಸವೂ ಸೇರಿರಬೇಕು. ತುಂಬ ಬಿಗಿ ಮಾಡಿದ್ದರೆ ಎರಡೋ ಮೂರೋ ಉಳಿಯುತ್ತಿದ್ದವು, ಅದರಿಂದ ಏನೂ ಹೇಳಲು ಆಗುವುದಿಲ್ಲ. ತುಂಬ ಸಡಿಲ ಮಾಡಿದರೆ ನಮಗೆ ಸಂಬಂಧ ಇಲ್ಲದ್ದೂ ಒಳಗೆ ಬರುತ್ತದೆ. ಒಂದು ಡಜನ್ ದಾಟಿದ ಮೇಲೆ ಕಾಕಾ ಸಾಕು ಅಂದರು.

ಇಲ್ಲಿ ಒಂದು ವಾದ ನಡೆಯಿತು. ಒಂದು ಸೊಸೈಟಿಯಲ್ಲಿ ಕಂಟ್ರಾಕ್ಟರ್ ಜೊತೆ ಜಗಳವಾಗಿ ಕೆಲಸ ಅರ್ಧಕ್ಕೆ ನಿಂತಿತ್ತು. ಇಡೀ ಮಳೆಗಾಲ ಬಿದಿರಿನ ಪರಾಂಚಿ (ಕೆಲಸದವರು ನಿಲ್ಲಲು ಗೋಡೆಗೆ ಕಟ್ಟುವ ಅಟ್ಟಣೆ) ಹಾಗೇ ನಿಂತಿತ್ತು, ಆಮೇಲೆ ಬೇರೆಯವರು ಬಂದು ಮುಗಿಸಿದರು. ಪಟ್ಟು ಎಲ್ಲರಿಗಿಂತ ಜಾಸ್ತಿ. “ಅವರದು ಜಗಳಗಂಟರ ಸೊಸೈಟಿ, ಅದನ್ನು ಬಿಡಿ” ಅಂದರು ಕಮಿಟಿಯ ಒಬ್ಬರು. ಖಜಾಂಚಿಯವರಿಗೂ ಹಾಗೇ ಅನಿಸಿತು. ಕಾಕಾ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಜಗಳ ಆಗುತ್ತದೆ ಅಂತ ಆ ಸೊಸೈಟಿಯವರು ಮೊದಲೇ ಬರೆದುಕೊಂಡಿದ್ದರೇ? ಅವರ ಅಂದಾಜೂ ನಮ್ಮದರಂತೆ ಅಚ್ಚುಕಟ್ಟಾಗೇ ಇತ್ತು. ಕೆಟ್ಟದ್ದನ್ನೆಲ್ಲ “ಅದು ಬೇರೆ” ಅಂತ ತೆಗೆದುಹಾಕಿದರೆ ಉಳಿಯುವುದು ಅದೃಷ್ಟವಂತರ ಪಟ್ಟಿ. ಅದನ್ನು ಇಟ್ಟುಕೊಂಡೆವು. ಅಷ್ಟೇ ಅಲ್ಲ, ಅಂಥವನ್ನು ಹುಡುಕಿಕೊಂಡೂ ಹೋದೆವು. ಚೆನ್ನಾಗಿ ಮುಗಿಸಿದವರು ತಾವಾಗೇ ಹೇಳಿಕೊಳ್ಳುತ್ತಾರೆ. ಸೋತವರು ಹೇಳುವುದಿಲ್ಲ.

ಸಾಲಾಗಿ ಬರೆದು ನೋಡಿದಾಗ ಕಂಡ ಚಿತ್ರ ಸ್ಪಷ್ಟವಾಗಿತ್ತು. ಅಂದಾಜಿಗಿಂತ ಕಡಿಮೆಗೆ ಮುಗಿಸಿದವರು ಒಬ್ಬರೂ ಇಲ್ಲ. ಅಂದಾಜಿನ ಹತ್ತಿರ ಹತ್ತಿರ ಮುಗಿಸಿದವರು ಬೆರಳೆಣಿಕೆ. ನಮ್ಮ ಉದಾಹರಣೆಯ ಲೆಕ್ಕದಲ್ಲಿ ಹೇಳುವುದಾದರೆ, ನಡುಮಧ್ಯದ ಸೊಸೈಟಿಯ ಪಟ್ಟನ್ನು ನಮ್ಮ 1 ಕೋಟಿಗೆ ಹಾಕಿದರೆ 1 ಕೋಟಿ 35 ಲಕ್ಷ. ಐದರಲ್ಲಿ ನಾಲ್ಕು ಸೊಸೈಟಿಗಳು ಯಾವ ಪಟ್ಟಿನ ಒಳಗೆ ಮುಗಿಸಿದವೋ ಅದನ್ನು ಹಾಕಿದರೆ 1 ಕೋಟಿ 60 ಲಕ್ಷ.

ಯಾಕೆ ಎಲ್ಲರದೂ ಒಂದೇ ಕಡೆಗೆ ವಾಲುತ್ತದೆ ಅಂತ ಕಾಕಾ ವಿವರಿಸಿದ್ದು ನನಗೆ ಬಹಳ ಉಪಯೋಗವಾಯಿತು. ಆಡಿಟ್ ಮಾಡುವವರು ಕೈಗೆಟುಕುವ ಕಡೆ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಟೊಳ್ಳು ಶಬ್ದ ಬಂದ ಕಡೆ ಗುರುತು ಹಾಕುತ್ತಾರೆ. ಕೆಲವು ಕಡೆ ಯಂತ್ರದ ಪರೀಕ್ಷೆ ಆಗುತ್ತದೆ. ಐದನೇ ಮಹಡಿಯ ಹೊರಗೋಡೆ, ಪೈಪಿನ ಹಿಂದಿನ ಕಂಬ, ಯಾರೋ ಗ್ರಿಲ್ ಹಾಕಿ ಮುಚ್ಚಿದ ಬಾಲ್ಕನಿಯ ತೊಲೆ ಇವು ಪರಾಂಚಿ ಕಟ್ಟಿ ಪ್ಲಾಸ್ಟರ್ ಕಿತ್ತ ಮೇಲೇ ಕಾಣುವುದು. ಕಾಂಕ್ರೀಟಿನ ಕ್ಷಾರ ಗುಣ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಆ ಕ್ಷಾರವನ್ನು ಕೊಲ್ಲುತ್ತದೆ. ಆಮೇಲೆ ಮಳೆ ನೀರು ಸೇರಿ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ. ಹೊರಗೆ ಬಿರುಕು ಕಾಣುವುದು ಕೊನೆಯಲ್ಲಿ. ಹಾಗಾಗಿ ಪ್ಲಾಸ್ಟರ್ ತೆಗೆದಾಗ ಎಣಿಸಿದ್ದಕ್ಕಿಂತ ಜಾಸ್ತಿ ಸಿಗುತ್ತದೆ, ಕಡಿಮೆ ಸಿಗುವುದು ಅಪರೂಪ. ಕನ್ಸಲ್ಟಂಟ್ ಮೋಸ ಮಾಡಿದರು ಅಂತ ಇದರ ಅರ್ಥವಲ್ಲ. ಕಂಡದ್ದನ್ನು ಎಣಿಸಿದರು. ಕಾಣದ್ದನ್ನು ಎಣಿಸಲು ಹಳೆಯ ಪಟ್ಟಿ ಬೇಕು.

ನಮ್ಮ ಕನ್ಸಲ್ಟಂಟರಿಗೆ ಮೊದಲು ಬೇಸರವಾಯಿತು. ನನ್ನ ಅಂದಾಜಿನಲ್ಲಿ ನಂಬಿಕೆ ಇಲ್ಲವೇ ಅಂತ ಕೇಳಿದರು. ನಾವು ಪಟ್ಟಿಯನ್ನು ಅವರ ಮುಂದೆಯೇ ಇಟ್ಟೆವು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಮಾಡಿಸಿದ ಹಳೆಯ ಕೆಲಸಗಳ ಅಂಕಿಯನ್ನು ಹೆಸರು ಮುಚ್ಚಿ ಕೊಟ್ಟರು. ಅವು ನಮ್ಮ ಪಟ್ಟಿಯ ಜೊತೆ ಚೆನ್ನಾಗಿ ಹೊಂದಿದವು. ಸೊಸೈಟಿಯವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಅಂದರು. ದೊಡ್ಡ ಅಂಕಿ ಹೇಳಿದ ಕನ್ಸಲ್ಟಂಟರಿಗೆ ಕೆಲಸ ಸಿಗುವುದಿಲ್ಲ ಅನ್ನುವುದನ್ನೂ ಸೇರಿಸಿದರು. ಅದು ನಿಜ, ಮತ್ತು ಅದು ಅವರೊಬ್ಬರ ತಪ್ಪಲ್ಲ. ಕಡಿಮೆ ಹೇಳಿದವರನ್ನೇ ಆರಿಸುವ ನಮ್ಮ ಸಭೆಗಳ ಪಾಲೂ ಅದರಲ್ಲಿದೆ.

ಪಟ್ಟಿ ಕೈಗೆ ಬಂದ ಮೇಲೆ ಬರುವ ದೊಡ್ಡ ಆಸೆ, “ನಮ್ಮದು ಅಷ್ಟು ಕೆಟ್ಟಿಲ್ಲ” ಅಂತ ಪಟ್ಟು ಇಳಿಸುವುದು. ನಮ್ಮ ಟೆರೇಸ್ ಕೆಲ ವರ್ಷದ ಹಿಂದೆ ಒಮ್ಮೆ ರಿಪೇರಿ ಆಗಿತ್ತು. ಕಮಿಟಿಯೂ ಒಗ್ಗಟ್ಟಾಗಿದೆ. ಹಾಗಾಗಿ 1 ಕೋಟಿ 20 ಲಕ್ಷ ಸಾಕಲ್ವಾ ಅಂತ ಮಾತು ಬಂತು. ಆದರೆ ಪಟ್ಟಿಯಲ್ಲಿದ್ದ ಪ್ರತಿ ಸೊಸೈಟಿಯೂ ಶುರುವಿನಲ್ಲಿ ಇಂಥದ್ದೇ ಕಾರಣ ಹೇಳಿತ್ತು. ಕಾಕಾ ಒಂದು ದಾರಿ ಹೇಳಿದರು. ಇಳಿಸಬೇಕಾದರೆ ಅಳೆದು ಇಳಿಸಿ, ಅನಿಸಿಕೆಯಿಂದ ಬೇಡ. ಟೆಂಡರ್ ಕರೆಯುವ ಮೊದಲೇ ಮಳೆ ಹೊಡೆತ ಜಾಸ್ತಿ ಬೀಳುವ ಪಶ್ಚಿಮದ ಗೋಡೆಯಲ್ಲಿ ಕೆಲವು ಕಡೆ ಪ್ಲಾಸ್ಟರ್ ಕೀಳಿಸಿ ನೋಡಿದೆವು. ಕನ್ಸಲ್ಟಂಟ್ ಗುರುತು ಹಾಕಿದ ಜಾಗಕ್ಕೂ ನಿಜವಾಗಿ ಕೆಟ್ಟ ಜಾಗಕ್ಕೂ ಇರುವ ವ್ಯತ್ಯಾಸ ಬೇರೆ ಸೊಸೈಟಿಗಳಲ್ಲಿ ಕಂಡಷ್ಟೇ ಇತ್ತು. ಪಟ್ಟು ಇಳಿಸಲಿಲ್ಲ.

ವಿಶೇಷ ಸರ್ವಸದಸ್ಯರ ಸಭೆಯಲ್ಲಿ ನಾವು ಒಂದು ಅಂಕಿಯ ಬದಲು ಮೂರು ಇಟ್ಟೆವು. ಕನ್ಸಲ್ಟಂಟರ 1 ಕೋಟಿ. ನಡುವಿನ 1 ಕೋಟಿ 35 ಲಕ್ಷ. ಐದರಲ್ಲಿ ನಾಲ್ಕು ಪಾಲು ಭರವಸೆಯ 1 ಕೋಟಿ 60 ಲಕ್ಷ. ಹೆಸರುಗಳನ್ನು ಮುಚ್ಚಿ ಪಟ್ಟಿಯನ್ನೂ ತೋರಿಸಿದೆವು. ಅದನ್ನು ಮರಾಠಿಯಲ್ಲಿ, ಹಿಂದಿಯಲ್ಲಿ ವಿವರಿಸಿದೆ. ಪೆನ್ಷನ್ನಿನ ಮೇಲೆ ಬದುಕುವ ಒಬ್ಬ ಅಜ್ಜಿ ಎದ್ದು ನಿಂತು ಹೇಳಿದ್ದು ನನಗೆ ಮರೆಯುವುದಿಲ್ಲ. ಇಷ್ಟು ಅಂತ ಮೊದಲೇ ಹೇಳಿದರೆ ನಾನು ಹೇಗೋ ಹೊಂದಿಸುತ್ತೇನೆ, ಅರ್ಧದಲ್ಲಿ ಬಂದು ಇನ್ನೂ ಕೊಡಿ ಅಂದರೆ ಎಲ್ಲಿಂದ ತರಲಿ ಅಂತ. ಈ ಲೆಕ್ಕ ಬೇಕಾಗಿದ್ದೇ ಅಂಥವರಿಗೆ. ಹಣ ಇದ್ದವರು ಎರಡನೇ ವಸೂಲಿಯನ್ನು ಬೈದುಕೊಂಡು ಕೊಡುತ್ತಾರೆ. ಇಲ್ಲದವರು ಚಿನ್ನ ಅಡ ಇಡುತ್ತಾರೆ.

ವಿರೋಧವೂ ಬಂತು, ಮತ್ತು ಅದು ಯೋಗ್ಯ ಪ್ರಶ್ನೆಯೇ. 1 ಕೋಟಿ 60 ಲಕ್ಷ ಇದೆ ಅಂತ ಗೊತ್ತಾದರೆ ಕಂಟ್ರಾಕ್ಟರ್ ಅಷ್ಟನ್ನೂ ಬಿಲ್ ಮಾಡುತ್ತಾನಲ್ಲ? ಅದಕ್ಕೆ ನಾವು ಹಣವನ್ನು ಎರಡು ಭಾಗ ಮಾಡಿದೆವು. ಕಂಟ್ರಾಕ್ಟ್ ಆದದ್ದು ಟೆಂಡರ್ ಮೊತ್ತಕ್ಕೇ. ಅದರ ಮೇಲಿನದು ಬೇರೆ ಎಫ್‌ಡಿಯಲ್ಲಿ. ಹೆಚ್ಚುವರಿ ಕೆಲಸ ಬಂದರೆ ಕನ್ಸಲ್ಟಂಟ್, ಕಂಟ್ರಾಕ್ಟರ್, ಕಮಿಟಿಯ ಒಬ್ಬರು ಪರಾಂಚಿ ಹತ್ತಿ ಒಟ್ಟಿಗೆ ಅಳೆಯಬೇಕು, ಫೋಟೋ ಸಹಿತ ಮೂವರ ಸಹಿ ಬೀಳಬೇಕು. ಸಹಿ ಇಲ್ಲದೆ ಆ ಎಫ್‌ಡಿ ಮುರಿಯುವ ಹಾಗಿಲ್ಲ. ಸದಸ್ಯರ ಕಂತುಗಳನ್ನೂ ಹಾಗೇ ಹಾಕಿದೆವು. ಕೊನೆಯ ಕಂತುಗಳು ಬೇಕಾದರೆ ಮಾತ್ರ. ಸಭೆ ದೊಡ್ಡ ಅಂಕಿಯನ್ನೇ ಒಪ್ಪಿತು.

ಪಟ್ಟಿಯಿಂದ ಬಂದ ಇನ್ನೊಂದು ಲಾಭ ಸಮಯದ್ದು. ಖರ್ಚಿಗಿಂತ ದಿನಗಳೇ ಹೆಚ್ಚು ಉದ್ದವಾಗಿದ್ದವು. ಅದರಲ್ಲೂ ಜನವರಿ, ಫೆಬ್ರವರಿಯಲ್ಲಿ ಶುರು ಮಾಡಿದವರೆಲ್ಲ ಮಳೆಗೆ ಸಿಕ್ಕಿಕೊಂಡಿದ್ದರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಮುಂಬೈ ಮುಟ್ಟುವ ಸಾಮಾನ್ಯ ದಿನ ಜೂನ್ 11, ಹಿಂದೆ ಹೋಗುವುದು ಅಕ್ಟೋಬರ್ 8. ನಡುವೆ ಹೊರಗೋಡೆಯ ಕೆಲಸ ಅಂದರೆ ದೇವರೇ ಗತಿ. ಹೋಳಿಗೆ ಕೂಲಿಯವರು ಉತ್ತರಪ್ರದೇಶ, ಬಿಹಾರಕ್ಕೆ ಹೋದರೆ ಎಲ್ಲರೂ ಒಟ್ಟಿಗೆ ವಾಪಸ್ ಬರುವುದಿಲ್ಲ. ಅಂದಾಜಿನ ವೇಳಾಪಟ್ಟಿಯಲ್ಲಿ ಹೋಳಿ ಒಂದು ದಿನದ ರಜೆ. ಹಳೆಯ ಸೊಸೈಟಿಗಳ ಡೈರಿಯಲ್ಲಿ ಅದು ವಾರಗಟ್ಟಲೆ. ಹಾಗಾಗಿ ಜನರ ಅವಸರಕ್ಕೆ ಬಗ್ಗದೆ ಮಳೆ ಮುಗಿಯುವ ತನಕ ಕಾದು, ನವರಾತ್ರಿಯಲ್ಲಿ ಪರಾಂಚಿ ಕಟ್ಟಿಸಿದೆವು. ಟೆರೇಸ್ ಮೊದಲು, ಪಶ್ಚಿಮದ ಗೋಡೆ ಆಮೇಲೆ, ರಸ್ತೆ ಕಡೆಯ ಬಣ್ಣ ಕೊನೆಗೆ. ಮುಂದಿನ ಮಳೆಗೆ ಬಣ್ಣ ಉಳಿದರೂ ನೀರು ಒಳಗೆ ಬರಬಾರದು ಅನ್ನುವ ಲೆಕ್ಕ.

ಹಾಗೇ ಆಯಿತು. ಮೇ ಕೊನೆಗೆ ಟೆರೇಸ್ ಮತ್ತು ಗೋಡೆಗಳು ಮುಗಿದವು. ಒಂದು ಬದಿಯ ಬಣ್ಣ ದೀಪಾವಳಿ ನಂತರಕ್ಕೆ ಹೋಯಿತು. ನೋಟಿಸಿನಲ್ಲಿ ಅದು ಮೊದಲೇ ಇದ್ದುದರಿಂದ ಯಾರೂ ಜಗಳ ಮಾಡಲಿಲ್ಲ. ಕೊನೆಯ ಬಿಲ್ಲು ನಡುವಿನ ಅಂಕಿಯನ್ನು ದಾಟಿತು, ಮೇಲಿನ ಅಂಕಿಯನ್ನು ಮುಟ್ಟಲಿಲ್ಲ. ಎಫ್‌ಡಿಯಲ್ಲಿ ಉಳಿದದ್ದು ಕೊನೆಯ ಕಂತು ರದ್ದು ಮಾಡಲು ಸಾಕಾಯಿತು. ಅಜ್ಜಿಗೆ ಎರಡನೇ ಸಲ ಕೇಳಬೇಕಾಗಲಿಲ್ಲ. ನನಗೆ ಅದೇ ದೊಡ್ಡದು.

ಹಾಗಂತ ಇದರಿಂದ ಎಲ್ಲ ಸರಿಹೋಗುತ್ತದೆ ಅಂತ ಯಾರೂ ತಿಳಿಯಬಾರದು. ಈ ವಿಧಾನವನ್ನು ಮೊದಲು ಬಳಸಿದ ಯೋಜನೆಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಟ್ರಾಮ್ ಒಂದು. 2004ರಲ್ಲಿ ಯೋಜನೆಯವರ ಅಂದಾಜು 32 ಕೋಟಿ ಪೌಂಡ್ ಇತ್ತು. ಹಳೆಯ ಯೋಜನೆಗಳ ಪಟ್ಟಿ ನೋಡಿ ಅದನ್ನು 40 ಕೋಟಿಗೆ ಏರಿಸಿದರು. 2014ರಲ್ಲಿ ಟ್ರಾಮ್ ಓಡಿದಾಗ ಖರ್ಚು 77 ಕೋಟಿ ದಾಟಿತ್ತು, ಅದೂ ಮಾರ್ಗವನ್ನು ಮೊಟಕು ಮಾಡಿದ ಮೇಲೆ. ಐದರಲ್ಲಿ ನಾಲ್ಕು ಅಂದರೆ ಐದನೆಯದು ಇದ್ದೇ ಇದೆ. ಸಭೆಯಲ್ಲಿ ನಾವು ಇದನ್ನೂ ಹೇಳಿದ್ದೆವು.

ಈಗ ಬೇರೆ ಸೊಸೈಟಿಗಳಿಂದ ನಮಗೆ ಫೋನ್ ಬರುತ್ತದೆ. ನಮ್ಮ ಸಾಲನ್ನೂ ಪಟ್ಟಿಗೆ ಸೇರಿಸಿದ್ದೇವೆ. ಮೊದಲ ಅಂದಾಜು, ಟೆಂಡರ್, ಕೊನೆಯ ಬಿಲ್ಲು, ಶುರುವಾದ ತಿಂಗಳು, ಮುಗಿದ ತಿಂಗಳು. ಕೇಳಿದವರಿಗೆ ಹೆಸರು ಮುಚ್ಚಿ ಕೊಡುತ್ತೇವೆ. ಬದಲಿಗೆ ತಮ್ಮ ಕೆಲಸ ಮುಗಿದ ಮೇಲೆ ತಮ್ಮ ಸಾಲನ್ನು ಕಳಿಸಬೇಕು ಅನ್ನುವುದೊಂದೇ ಕರಾರು.

ನಮ್ಮಲ್ಲಿ ಈಗ ಲಿಫ್ಟ್ ಬದಲಿಸುವ ಮಾತು ನಡೆದಿದೆ. ರಿಪೇರಿಯ ಪಟ್ಟನ್ನೇ ಅದಕ್ಕೂ ಹಾಕೋಣ ಅಂತ ಖಜಾಂಚಿಯವರು ಹೇಳಿದರು. ಅದು ಹೊಂದುವುದಿಲ್ಲ. ಲಿಫ್ಟಿನ ದರ ಕಂಪನಿಯ ಕೊಟೇಶನ್ನಿನಲ್ಲಿ ಬಹುಪಾಲು ಗಟ್ಟಿ ಇರುತ್ತದೆ, ಪ್ಲಾಸ್ಟರಿನ ಹಿಂದೆ ಅಡಗಿದ ಕಂಬ ಅಲ್ಲಿಲ್ಲ. ಅಲ್ಲಿ ಜಾರುವುದು ದಿನಗಳು ಇರಬಹುದು. ಎಷ್ಟು ದಿನ ಮನೆಯವರು ಮೆಟ್ಟಿಲು ಹತ್ತಬೇಕಾಯಿತು ಅನ್ನುವುದೇ ಅದರ ಲೆಕ್ಕ. ಹಾಗಾಗಿ ಲಿಫ್ಟ್ ಬದಲಿಸಿದ ಸೊಸೈಟಿಗಳನ್ನು ಹೊಸದಾಗಿ ಹುಡುಕಲು ಶುರು ಮಾಡಿದ್ದೇವೆ. ನೀವಿರುವ ಬಿಲ್ಡಿಂಗಿನಲ್ಲಿ ಆ ಕೆಲಸ ಆಗಿದ್ದರೆ, ಹಳೆಯ ಲಿಫ್ಟ್ ನಿಂತ ತಾರೀಖು ಮತ್ತು ಹೊಸದು ಓಡಿದ ತಾರೀಖು ಹುಡುಕಿ ಇಡಿ.